ಸೈಟಿನ ಚರಿತ್ರೆ ಕೇಳಿದ್ರಾ?

ಸೈಟು ಕೊಳ್ಳೋವಾಗ ನಮ್ಮ ವಯಸ್ಸಿನವರು ಕೇಳೋ ಪ್ರಶ್ನೆಗಳು ಗೊತ್ತೇ ಇವೆ. ಖಾತಾ ಯಾವುದು, ರೋಡು ಎಷ್ಟು ಅಡಿ, ಮೆಟ್ರೋ ಎಷ್ಟು ದೂರ, ಲೋನ್ ಸಿಗುತ್ತಾ, ಬಾಗಿಲು ಪೂರ್ವಕ್ಕೆ ಬರುತ್ತಾ. ನೆಲ ಎಂಥದ್ದು ಅಂತ ಕೇಳೋರು ಕಮ್ಮಿ. ಹೇಗಿದ್ರೂ ಕಾಂಕ್ರೀಟ್ ಹಾಕ್ತೀವಲ್ಲ ಅನ್ನೋ ಧೈರ್ಯ. ಆದರೆ ಮನೆ ಕಟ್ಟೋ ಮುಂಚೆ ನೆಲವನ್ನು ವಿಚಾರಿಸೋದು ಬಹಳ ಹಳೇ ರೂಢಿ. ಅದರ ಕಥೆ ಗೊತ್ತಿದ್ರೆ ನಮ್ಮ ಪ್ರಶ್ನೆಗಳ ಪಟ್ಟಿಯೂ ಸ್ವಲ್ಪ ಬದಲಾಗಬಹುದು.

ಆರನೇ ಶತಮಾನದ ವರಾಹಮಿಹಿರ ‘ಬೃಹತ್ಸಂಹಿತೆ’ಯಲ್ಲಿ ಒಂದು ಪರೀಕ್ಷೆ ಹೇಳ್ತಾನೆ. ನಿವೇಶನದ ನಡುವೆ ಒಂದು ಮೊಳ ಗುಂಡಿ ತೋಡಿ, ತೆಗೆದ ಮಣ್ಣನ್ನೇ ವಾಪಸ್ ತುಂಬಿ. ಮಣ್ಣು ಮಿಕ್ಕಿದರೆ ಒಳ್ಳೇ ನೆಲ, ಸಮ ಆದರೆ ಮಧ್ಯಮ, ಸಾಲದೇ ಹೋದರೆ ಕೆಟ್ಟದ್ದು. ಇನ್ನೊಂದು ಪರೀಕ್ಷೆಯಲ್ಲಿ ಗುಂಡಿಗೆ ನೀರು ತುಂಬಿ ನೂರು ಹೆಜ್ಜೆ ಹೋಗಿ ಬರಬೇಕು, ಅಷ್ಟರಲ್ಲಿ ನೀರು ಇಳಿದಿರಬಾರದು. ಅದೇ ಗ್ರಂಥ ಯಾವ ವರ್ಣದವರಿಗೆ ಯಾವ ಬಣ್ಣದ ಮಣ್ಣು ಅಂತಲೂ ಹೇಳುತ್ತೆ. ಅದನ್ನು ಅಲ್ಲೇ ಬಿಡೋಣ. ಗುಂಡಿಯ ಲೆಕ್ಕದಲ್ಲಿ ಮಾತ್ರ ತಿರುಳಿದೆ. ಒತ್ತಾಗಿ ಕೂತ ಮಣ್ಣನ್ನು ಅಗೆದರೆ ಅದು ಸಡಿಲವಾಗಿ ಉಬ್ಬುತ್ತೆ, ಹಾಗಾಗಿ ಮಿಗುತ್ತೆ. ಒಳಗೆ ಪೊಳ್ಳು ಇದ್ದರೆ ಸಾಲೋದಿಲ್ಲ.

ಈ ಪರೀಕ್ಷೆಯ ಮಿತಿ ನನಗೆ ಅರ್ಥ ಆಗೋದು ನಮ್ಮೂರಿನ ಎರೆ ಭೂಮಿಯಿಂದ. ನಮ್ಮದು ಗದಗ ಕಡೆ. ಬೇಸಿಗೆಯಲ್ಲಿ ಎರೆ ಕಲ್ಲಿನಷ್ಟು ಗಟ್ಟಿ, ಹೊಲದಲ್ಲಿ ಕೈ ತೂರಿಸುವಷ್ಟು ಬಿರುಕು. ಏಪ್ರಿಲ್‌ನಲ್ಲಿ ಗುಂಡಿ ತೋಡಿದರೆ ಹೆಂಟೆ ಹೆಂಟೆಯಾಗಿ ಏಳೋ ಮಣ್ಣು ಧಾರಾಳ ಮಿಗುತ್ತೆ, ನೆಲ ಪಾಸು! ಮಳೆ ಬಿದ್ದ ಮೇಲೆ ಅದೇ ಮಣ್ಣು ನೀರು ಕುಡಿದು ಉಬ್ಬಿ, ಮೇಲಿನ ಗೋಡೆಯನ್ನೇ ಎತ್ತುತ್ತೆ. ಒಣಗಿದಾಗ ಮತ್ತೆ ಕುಗ್ಗುತ್ತೆ. ಹತ್ತಿಗೆ, ಜೋಳಕ್ಕೆ ಬಂಗಾರದಂಥ ಮಣ್ಣು ಮನೆಗೆ ಮಾತ್ರ ಶತ್ರು. ಅಂದರೆ ಗುಂಡಿ ಹೇಳೋದು ಆ ಒಂದು ದಿನದ ಸುದ್ದಿ, ಅದೂ ಒಂದು ಮೊಳದ ಆಳದ್ದು.

ಇವತ್ತಿನ ಸುದ್ದಿ ಬಿಟ್ಟು ಮಣ್ಣಿನ ಹಿಂದಿನ ಕಥೆ ಓದೋದನ್ನು ಕಲಿಸಿದ ವಿಜ್ಞಾನಕ್ಕೆ ತಳಪಾಯ ಹಾಕಿದವನು ಕಾರ್ಲ್ ಟೆರ್ಜಾಗಿ. 1883ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದ ಈತ ಓದಿದ್ದು ಮೆಕ್ಯಾನಿಕಲ್, ಸಿವಿಲ್ ಅಲ್ಲ. 1916ರಲ್ಲಿ ಇಸ್ತಾಂಬುಲ್‌ಗೆ ಪಾಠ ಮಾಡೋಕೆ ಹೋಗಿ, ಕೈಗೆ ಸಿಕ್ಕ ಸಾಮಾನುಗಳಿಂದಲೇ ಉಪಕರಣ ಮಾಡಿಕೊಂಡು ಒದ್ದೆ ಜೇಡಿಮಣ್ಣಿನ ಮೇಲೆ ಭಾರ ಹೇರಿ ನೋಡಿದ. ಭಾರ ಬಿದ್ದ ತಕ್ಷಣ ಅದನ್ನು ಹೊರೋದು ಮಣ್ಣಲ್ಲ, ಒಳಗೆ ಸಿಕ್ಕಿಕೊಂಡ ನೀರು. ಆ ನೀರು ನಿಧಾನವಾಗಿ, ಕೆಲವೊಮ್ಮೆ ವರ್ಷಗಟ್ಟಲೆ, ಹೊರಗೆ ಹೋಗ್ತಾ ಹೋಗ್ತಾ ಮಣ್ಣು ಕುಸಿಯುತ್ತೆ, ಹಾಗೇ ಗಟ್ಟಿಯೂ ಆಗುತ್ತೆ. 1925ರಲ್ಲಿ ಇದನ್ನೆಲ್ಲ ಪುಸ್ತಕ ಮಾಡಿದ.

ಪೀಸಾದ ವಾಲುಗೋಪುರ ಉಳಿದ ಗುಟ್ಟೂ ಇದೇ. 1173ರಲ್ಲಿ ಶುರುವಾದ ಕೆಲಸ ಮೂರನೇ ಅಂತಸ್ತು ದಾಟೋ ಹೊತ್ತಿಗೆ ನಿಂತು, ಸುಮಾರು ನೂರು ವರ್ಷ ಹಾಗೇ ಬಿದ್ದಿತ್ತು. ಆ ಬಿಡುವಿನಲ್ಲಿ ಕೆಳಗಿನ ಜೇಡಿ ನೀರು ಬಿಟ್ಟು ಗಟ್ಟಿಯಾಯ್ತು. ಒಂದೇ ಉಸಿರಿಗೆ ಕಟ್ಟಿದ್ದರೆ ಬಿದ್ದೇ ಹೋಗ್ತಿತ್ತು ಅನ್ನೋದು ಎಂಜಿನಿಯರುಗಳ ಲೆಕ್ಕ. ಟೆರ್ಜಾಗಿಯ ಜೊತೆ ಕೆಲಸ ಮಾಡಿದ ಆರ್ಥರ್ ಕಾಸಾಗ್ರಾಂಡೆ 1936ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದ. ಒಂದು ಜೇಡಿಮಣ್ಣು ಹಿಂದೆ ಹೊತ್ತ ಅತಿ ಹೆಚ್ಚಿನ ಭಾರ ಎಷ್ಟು ಅಂತ ಲ್ಯಾಬಿನಲ್ಲಿ ಅಂದಾಜು ಮಾಡೋ ವಿಧಾನ ಕೊಟ್ಟ. ಅಂದರೆ ಮಣ್ಣಿಗೆ ನೆನಪಿದೆ. ಹಿಂದೆ ಹೊತ್ತಷ್ಟು ಭಾರವನ್ನು ಹೆಚ್ಚು ಕುಗ್ಗದೆ ಹೊರುತ್ತೆ, ಅದನ್ನು ಮೀರಿದರೆ ಕುಸಿಯೋಕೆ ಶುರು ಮಾಡುತ್ತೆ.

ಎರೆ ಮಣ್ಣಿಗೆ ನಮ್ಮ ದೇಶದಲ್ಲೇ ಒಂದು ಉಪಾಯ ಸಿಕ್ತು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಬೆಳೆಸಿದ ಅಂಡರ್‌ರೀಮ್ಡ್ ಪೈಲ್ ಅದು. ಮೂರೂವರೆ ಮೀಟರಿನಷ್ಟು ಆಳಕ್ಕೆ ಕೊರೆದು, ಬುಡದಲ್ಲಿ ಗಡ್ಡೆಯ ಹಾಗೆ ಅಗಲ ಮಾಡಿ ಕಾಂಕ್ರೀಟ್ ತುಂಬೋದು. ಗಡ್ಡೆಯ ಅಗಲ ಸಾಮಾನ್ಯವಾಗಿ ಕಂಬದ ಎರಡೂವರೆ ಪಟ್ಟು. ಮಳೆ-ಬಿಸಿಲಿಗೆ ಉಬ್ಬಿ ಕುಗ್ಗೋ ಆಟ ಹೆಚ್ಚಾಗಿ ಮೇಲಿನ ಪದರದಲ್ಲಿ. ಅದರ ಕೆಳಗೆ ಗಡ್ಡೆ ಕಚ್ಚಿಕೊಂಡಿರುತ್ತೆ.

ಈಗ ಬೆಂಗಳೂರಿಗೆ ಬರೋಣ. ಇಲ್ಲಿನ ಕೆಂಪು ಮಣ್ಣು ಬಹುಪಾಲು ಒಳ್ಳೆಯದೇ. ತೊಂದರೆ ಇರೋದು ಊರಿನ ಇತಿಹಾಸದಲ್ಲಿ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರೋದು ಧರ್ಮಾಂಬುಧಿ ಕೆರೆಯಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯಲ್ಲಿ, ಹಾಕಿ ಕ್ರೀಡಾಂಗಣ ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ. ಇವೆಲ್ಲ ನೆನಪಿನಲ್ಲಿ ಉಳಿದ ದೊಡ್ಡ ಹೆಸರುಗಳು. ಹೆಸರಿಲ್ಲದ ಕುಂಟೆ, ಕಾಲುವೆಗಳೂ ಹೀಗೇ ಮುಚ್ಚಿಹೋಗಿವೆ. ಕೆರೆಯ ಗೋಡು ಹೊಲಕ್ಕೆ ಎಷ್ಟು ಒಳ್ಳೇದು ಅಂತ ಹಳ್ಳಿಯವರಿಗೆ ಗೊತ್ತು. ಆದರೆ ಆ ಹೂಳು ತನ್ನ ಮೈಭಾರ, ಮೇಲಿನ ನೀರು ಬಿಟ್ಟು ಬೇರೇನನ್ನೂ ಹೊತ್ತದ್ದಲ್ಲ. ಅದರ ಮೇಲೆ ಹಳೇ ಕಟ್ಟಡದ ಡೆಬ್ರಿಸ್ ಸುರಿದು ಮಟ್ಟ ಮಾಡಿದರೆ ಸೈಟು ನೋಡೋಕೆ ಚೆಂದ. ಮೂರಂತಸ್ತು ಏರಿದ ಮೇಲೆ ಒಂದು ಮೂಲೆ ಹೆಚ್ಚು, ಇನ್ನೊಂದು ಮೂಲೆ ಕಮ್ಮಿ ಕೂರುತ್ತೆ. ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತೆ. ಇಪ್ಪತ್ತು ವರ್ಷದ ಇಎಂಐ ಮಾತ್ರ ಕದಲೋದಿಲ್ಲ.

ಹಾಗಾಗಿ ಅಡ್ವಾನ್ಸ್ ಕೊಡೋ ಮುಂಚೆ ಕಂದಾಯ ಇಲಾಖೆಯ ಗ್ರಾಮ ನಕ್ಷೆ ತೆಗೆದು ಸರ್ವೆ ನಂಬರಿನ ಸುತ್ತ ಕೆರೆ, ಹಳ್ಳ, ರಾಜಕಾಲುವೆ ಇದೆಯಾ ನೋಡಿ. ಆ ಜಾಗದ ಹಳೇ ರೈತರೊಬ್ಬರನ್ನು ಹುಡುಕಿ, ‘ಇಲ್ಲಿ ಮೊದಲು ಏನಿತ್ತು ಯಜಮಾನ್ರೇ?’ ಅಂತ ಕೇಳಿ. ಪಕ್ಕದ ಸೈಟಿನಲ್ಲಿ ಪಾಯ ತೆಗೀತಿದ್ರೆ ಇಣುಕಿ ನೋಡಿ, ಎಷ್ಟು ಆಳಕ್ಕೆ ಗಟ್ಟಿ ನೆಲ ಸಿಕ್ತು ಅಂತ ಮೇಸ್ತ್ರಿಯನ್ನು ವಿಚಾರಿಸಿ. ಆಮೇಲೆ ಸಾಯಿಲ್ ಟೆಸ್ಟ್ ಮಾಡಿಸಿ. ಬೋರ್ ಕೊರೆದು, 63.5 ಕೆಜಿ ತೂಕದ ಗುಂಡನ್ನು 75 ಸೆಂಟಿಮೀಟರ್ ಮೇಲಿಂದ ಬಿಡ್ತಾ, ಕೊಳವೆ 30 ಸೆಂಟಿಮೀಟರ್ ಇಳಿಯೋಕೆ ಎಷ್ಟು ಏಟು ಬೇಕಾಯ್ತು ಅಂತ ಎಣಿಸ್ತಾರೆ. ವರಾಹಮಿಹಿರನ ಗುಂಡಿಯ ಪ್ರಶ್ನೆಯೇ ಇದು, ಇನ್ನಷ್ಟು ಆಳದಲ್ಲಿ ಕೇಳಿದ್ದು. ಏಟಿನ ಲೆಕ್ಕ ನೋಡಿ ಪಾಯ ಎಷ್ಟು ಆಳ, ಎಂಥದ್ದು ಅಂತ ಎಂಜಿನಿಯರ್ ಹೇಳ್ತಾರೆ.

ಹಳೇ ಕೋಡಿಗೆ ಕೈ ಹಾಕೋ ಮುಂಚೆ ಯಾರು ಯಾವಾಗ ಏನು ಬದಲಾಯಿಸಿದ್ರು ಅಂತ ನೋಡದೆ ನಾವು ಒಂದು ಸಾಲೂ ಮುಟ್ಟಲ್ಲ. ಜೀವಮಾನದ ದುಡಿಮೆ ಹಾಕಿ ಕೊಳ್ಳೋ ಸೈಟಿಗೂ ಅಷ್ಟು ಮರ್ಯಾದೆ ಕೊಡೋಣ.