ಕಡಲೂರಿನಿಂದ ಹೊರಟುಹೋದ ಹಡಗುಗಳು

‘ಹೈದರಾಲಿ ಗೆದ್ದಿದ್ದರೆ?’ ಅನ್ನೋ ಆಟ ಶುರುವಾದರೆ ಎಲ್ಲರೂ ಪೊಳ್ಳಿಲೂರಿಗೆ ಹೋಗ್ತಾರೆ. ನಾನು ಮಾತ್ರ ಕಡಲೂರಿಗೆ.

1781ರ ಫೆಬ್ರವರಿ. ಐರ್ ಕೂಟ್‌ನ ಸೈನ್ಯ ಅಲ್ಲಿ ಸಿಕ್ಕಿಬಿದ್ದಿತ್ತು. ಸುತ್ತಲಿನ ನೆಲವೆಲ್ಲ ಹೈದರನ ಕೈಯಲ್ಲಿ. ಅಕ್ಕಿ ಬಂದರೆ ಹಡಗಿನಲ್ಲೇ ಬರಬೇಕು. ಕಡಲಲ್ಲಿ ನೋಡಿದರೆ ಫ್ರೆಂಚ್ ನೌಕಾಪಡೆ! ಬ್ರಿಟಿಷ್ ಅಡ್ಮಿರಲ್ ಹ್ಯೂಸ್ ಇದ್ದದ್ದು ಆಚೆ, ಪಶ್ಚಿಮ ಕರಾವಳಿಯಲ್ಲಿ. ಎರಡು ತಿಂಗಳ ಹಿಂದಷ್ಟೇ ಮಂಗಳೂರಿನಲ್ಲಿ ಹೈದರನ ಹಡಗುಗಳನ್ನು ನಾಶಮಾಡಿದ್ದ. ಅಂದರೆ ಹೈದರನಿಗೆ ಉಳಿದಿದ್ದು ಈ ಫ್ರೆಂಚರೊಬ್ಬರೇ.

ಅವರ ದಳಪತಿ ದೋರ್ವ್ ಹೊಡೆದಾಡಬೇಕಿರಲಿಲ್ಲ, ಸುಮ್ಮನೆ ಲಂಗರು ಹಾಕಿ ಕೂತಿದ್ದರೆ ಸಾಕಿತ್ತು. ಹೈದರ್ ಎಷ್ಟು ಕೇಳಿಕೊಂಡರೂ ಮಾರಿಷಸ್‌ಗೆ ಹೊರಟೇಬಿಟ್ಟ. ಕೂಟ್‌ಗೆ ಅಕ್ಕಿ ಬಂತು. ಜುಲೈ 1ಕ್ಕೆ ಪೋರ್ಟೊನೊವೊದಲ್ಲಿ ಹೈದರನನ್ನೇ ಸೋಲಿಸಿದ. ಮರುವರ್ಷ ಸಫ್ರೆನ್ ಬಂದು ಹ್ಯೂಸ್ ಜೊತೆ ಸಾಲುಸಾಲಾಗಿ ಕಾದಾಡಿದ, ನಿಜ. ಆದರೆ ಆಗ ಬೋನಿನಲ್ಲಿ ಇಲಿ ಇರಲಿಲ್ಲ.

ಮದ್ರಾಸೂ ಬೀಳ್ತಿತ್ತಾ? ಪಂತ ಕಟ್ಟಲಾರೆ. ಕೂಟ್ ಶರಣಾಗ್ತಿದ್ದ ಅನ್ನೋದಕ್ಕೆ ಮಾತ್ರ ಕಟ್ಟುತ್ತೇನೆ. ಯಾಕಂದ್ರೆ ಅದೇ ವರ್ಷ ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಇನ್ನೊಂದು ಫ್ರೆಂಚ್ ಪಡೆ ಕಡಲು ಬಿಟ್ಟು ಕದಲಲಿಲ್ಲ. ಕಾರ್ನ್‌ವಾಲಿಸ್ ಸೈನ್ಯಸಮೇತ ಶರಣಾದ.

ಅದೇ ಕಾರ್ನ್‌ವಾಲಿಸ್ 1791ರಲ್ಲಿ ಬಂದು, ನಮ್ಮ ಕೆ.ಆರ್. ಮಾರ್ಕೆಟ್ ಪಕ್ಕದ ಕೋಟೆ ಹಿಡಿದ.