ಕನ್ನಡ ವೃತ್ತಿ ರಂಗಭೂಮಿಯ ಹಾಸ್ಯನಟರ ವೃತ್ತಿಜೀವನ

ಕನ್ನಡ ವೃತ್ತಿ ರಂಗಭೂಮಿಯ ಹಾಸ್ಯನಟರು ಎಂದರೆ ಊರೂರಿಗೆ ಸಂಚರಿಸುತ್ತಿದ್ದ ನಾಟಕ ಕಂಪನಿಗಳಲ್ಲಿ ಹಾಸ್ಯ ಪಾತ್ರಗಳನ್ನು ನಿರ್ವಹಿಸಿ, ಅದನ್ನೇ ಜೀವನೋಪಾಯವಾಗಿಸಿಕೊಂಡ ಕಲಾವಿದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಇಂದಿನವರೆಗೆ ಇವರ ವೃತ್ತಿಜೀವನವು ಕೆಲವು ನಿರ್ದಿಷ್ಟ ಹಾದಿಗಳಲ್ಲಿ ಸಾಗಿದೆ. ಬಾಲನಟನಾಗಿ ಕಂಪನಿ ಸೇರುವುದು, ಹಾಸ್ಯ ಪಾತ್ರದಲ್ಲಿ ಹೆಸರು ಗಳಿಸುವುದು, ಅನಂತರ ಕಂಪನಿಯ ಮಾಲೀಕನಾಗುವುದು ಅಥವಾ ಚಲನಚಿತ್ರಕ್ಕೆ ತೆರಳುವುದು ಇವುಗಳಲ್ಲಿ ಮುಖ್ಯವಾದವು. ಈ ಹಾದಿಗಳಲ್ಲಿ ಯಾವುದೂ ದೊರೆಯದೆ ಕಂಪನಿ ಮುಚ್ಚಿದಾಗ ಬರಿಗೈಯಲ್ಲಿ ಊರಿಗೆ ಮರಳಿದವರ ಸಂಖ್ಯೆಯೇ ದೊಡ್ಡದು.

ಕಂಪನಿಗೆ ಪ್ರವೇಶ

ವೃತ್ತಿ ಕಂಪನಿಗಳ ಕಾಲದಲ್ಲಿ ನಟನೆಯನ್ನು ಕಲಿಸುವ ಪ್ರತ್ಯೇಕ ಶಾಲೆಗಳಿರಲಿಲ್ಲ, ಕಂಪನಿಯೇ ಶಾಲೆಯಾಗಿತ್ತು. ಐದಾರು ವರ್ಷದ ಹುಡುಗರು ಬಂಧುಗಳ ಮೂಲಕವೋ ಮನೆ ಬಿಟ್ಟು ಓಡಿಬಂದೋ ಕಂಪನಿಯನ್ನು ಸೇರುತ್ತಿದ್ದರು. ಪ್ರಹ್ಲಾದ, ಲೋಹಿತಾಶ್ವ, ಬಾಲಕೃಷ್ಣ ಮುಂತಾದ ಪಾತ್ರಗಳಿಂದ ಅವರ ಅಭ್ಯಾಸ ಆರಂಭವಾಗುತ್ತಿತ್ತು. ಹಾರ್ಮೋನಿಯಂ ಮೇಷ್ಟರು ಹಾಡು ಕಲಿಸುವರು, ಹಿರಿಯ ನಟರು ಮಾತು ತಿದ್ದುವರು. ಊಟ, ವಸತಿ ಕಂಪನಿಯದು. ಸಂಬಳ ಯಜಮಾನರ ಮನಸ್ಸಿಗೆ ಮತ್ತು ಗಲ್ಲಾಪೆಟ್ಟಿಗೆಗೆ ಬಿಟ್ಟದ್ದು.

ದನಿ ಒಡೆಯುವ ವಯಸ್ಸು ಬಾಲನಟನಿಗೆ ದೊಡ್ಡ ಗಂಡಾಂತರವಾಗಿತ್ತು. ಕಂಠ ಉಳಿದರೆ ರಾಜಪಾರ್ಟು ಅಥವಾ ಸ್ತ್ರೀಪಾತ್ರ. ಉಳಿಯದಿದ್ದರೆ ಪರದೆ ಎಳೆಯುವ, ಗೋಡೆಗಳಿಗೆ ಜಾಹೀರಾತು ಅಂಟಿಸುವ ಕೆಲಸ. ಹಾಡಿನಲ್ಲಿ ಹಿಂದೆ ಬಿದ್ದು ಮಾತಿನಲ್ಲಿ ಚುರುಕಾಗಿದ್ದವನಿಗೆ ಹಾಸ್ಯ ಪಾತ್ರವು ಮೂರನೆಯ ದಾರಿಯಾಗಿ ತೆರೆದುಕೊಳ್ಳುತ್ತಿತ್ತು. ಹಾಸ್ಯನಟನಿಗೆ ಶ್ರುತಿಗಿಂತ ಸಮಯಪ್ರಜ್ಞೆ ಮುಖ್ಯ. ಎದುರಿನ ನಟ ಮಾತು ಮರೆತರೆ ಅದನ್ನೇ ನಗೆಯಾಗಿಸುವ, ದೃಶ್ಯ ಸಜ್ಜಿಕೆ ತಡವಾದರೆ ಪರದೆಯ ಮುಂದೆ ನಿಂತು ಹತ್ತು ನಿಮಿಷ ಜನರನ್ನು ಹಿಡಿದಿಡುವ ಹೊಣೆ ಅವನದಾಗಿತ್ತು. ಆದ್ದರಿಂದಲೇ ಕಂಪನಿಯ ಆಗುಹೋಗುಗಳೆಲ್ಲ ಅವನಿಗೆ ತಿಳಿದಿರುತ್ತಿದ್ದವು. ಮುಂದೆ ಹಲವು ಹಾಸ್ಯನಟರು ಯಜಮಾನರಾಗಲು ಇದೂ ಒಂದು ಕಾರಣವೆನ್ನಬಹುದು.

ಕಳ್ಳನ ಪಾತ್ರದಿಂದ ಮಾಲೀಕತ್ವಕ್ಕೆ

ಈ ಹಾದಿಯ ಅತ್ಯಂತ ಪ್ರಸಿದ್ಧ ಉದಾಹರಣೆ ಗುಬ್ಬಿ ವೀರಣ್ಣ (1891–1972). 1884ರಲ್ಲಿ ಗುಬ್ಬಿಯಲ್ಲಿ ಸ್ಥಾಪನೆಯಾದ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ಅವರು ಬಾಲ್ಯದಲ್ಲಿಯೇ ಸೇರಿದರು. 1917ರಲ್ಲಿ ಅದರ ಮಾಲೀಕರಾದರು. ‘ಸದಾರಮೆ’ ನಾಟಕದ ಕಳ್ಳನ ಪಾತ್ರ ಅವರಿಗೆ ಅಪಾರ ಕೀರ್ತಿ ತಂದಿತು. ಕಥೆಯ ದೃಷ್ಟಿಯಿಂದ ಅದು ನಾಯಕನ ಪಾತ್ರವಲ್ಲ. ಆದರೂ ಪ್ರೇಕ್ಷಕರು ಕಳ್ಳನನ್ನು ನೋಡಲೆಂದೇ ಬರುತ್ತಿದ್ದರು. 1935ರಲ್ಲಿ ‘ಸದಾರಮೆ’ ಚಲನಚಿತ್ರವಾದಾಗಲೂ ವೀರಣ್ಣನವರು ಅದರಲ್ಲಿ ಅಭಿನಯಿಸಿದರು. ಮಾಲೀಕರಾದ ಮೇಲೂ ಅವರು ಬಣ್ಣ ಹಚ್ಚುವುದನ್ನು ಬಿಡಲಿಲ್ಲ. ‘ಕುರುಕ್ಷೇತ್ರ’ ನಾಟಕದಲ್ಲಿ ಆನೆ, ಕುದುರೆಗಳನ್ನು ರಂಗದ ಮೇಲೆ ತಂದ ಕಂಪನಿಯ ಯಜಮಾನ ಮೂಲತಃ ಹಾಸ್ಯನಟರಾಗಿದ್ದರು ಎಂಬುದನ್ನು ಇಂದಿನ ವಿದ್ಯಾರ್ಥಿಗಳು ಸಾಮಾನ್ಯವಾಗಿ ಗಮನಿಸುವುದಿಲ್ಲ. 1972ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ದೊರೆಯಿತು. ಅವರ ಆತ್ಮಕಥೆ ‘ಕಲೆಯೇ ಕಾಯಕ’.

ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ‘ಸ್ಪಂದನ’ ತಂಡದ ಮೂಲಕ ‘ಸದಾರಮೆ’ಯನ್ನು ಮತ್ತೆ ರಂಗಕ್ಕೆ ತಂದು, ತಾತ ಮಾಡುತ್ತಿದ್ದ ಕಳ್ಳನ ಪಾತ್ರವನ್ನು ತಾವೇ ವಹಿಸಿದರು. ಅವರು 2010ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು.

ಹಿರಣ್ಣಯ್ಯ ಮಿತ್ರ ಮಂಡಳಿ

ಇಡೀ ನಾಟಕವೇ ಹಾಸ್ಯವಾಗಿ, ಅದರ ಬಲದ ಮೇಲೆಯೇ ಕಂಪನಿ ನಿಂತ ನಿದರ್ಶನ ಹಿರಣ್ಣಯ್ಯ ಮಿತ್ರ ಮಂಡಳಿ. ಕೆ. ಹಿರಣ್ಣಯ್ಯನವರು ಇದನ್ನು ಕಟ್ಟಿದರು. ‘ಮಕ್ಮಲ್ ಟೋಪಿ’ ಅವರ ಹೆಸರಾಂತ ನಾಟಕ. 1953ರಲ್ಲಿ ಅವರು ನಿಧನರಾದಾಗ ಮಗ ನರಸಿಂಹಮೂರ್ತಿಗೆ ಹತ್ತೊಂಬತ್ತು ವರ್ಷ. ಮುಂದೆ ಮಾಸ್ಟರ್ ಹಿರಣ್ಣಯ್ಯ (1934–2019) ಎಂದು ನಾಡಿಗೆ ಪರಿಚಿತರಾದವರು ಇವರೇ.

ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ 1959ರಲ್ಲಿ ರಂಗವೇರಿತು. ದಶಕಗಳ ಕಾಲ ಸಾವಿರಾರು ಪ್ರದರ್ಶನಗಳನ್ನು ಕಂಡಿತು. ಸರ್ಕಾರಿ ಕಚೇರಿಯ ಲಂಚಗುಳಿತನವನ್ನು ಗೇಲಿ ಮಾಡುವ ಈ ನಾಟಕದ ಮಾತುಗಳು ಒಂದೆಡೆ ನಿಲ್ಲುತ್ತಿರಲಿಲ್ಲ. ಬೆಳಗಿನ ಪತ್ರಿಕೆಯಲ್ಲಿ ಬಂದ ಸುದ್ದಿ ರಾತ್ರಿಯ ಪ್ರದರ್ಶನದಲ್ಲಿ ಸಂಭಾಷಣೆಯಾಗುತ್ತಿತ್ತು. ಮಂತ್ರಿಗಳು ಎದುರಿಗೆ ಕುಳಿತಿದ್ದರೂ ಅವರು ಮಾತು ತಗ್ಗಿಸುತ್ತಿರಲಿಲ್ಲ. ಒಮ್ಮೆ ನೋಡಿದವರು ಮತ್ತೊಮ್ಮೆ ಟಿಕೆಟ್ ಕೊಳ್ಳುತ್ತಿದ್ದುದು ಇದೇ ಕಾರಣದಿಂದ.

ಈ ಬಗೆಯ ನಾಟಕವು ನಟರ ಬೆಳವಣಿಗೆಗೆ ಒಂದು ಮಿತಿಯನ್ನೂ ಹಾಕುತ್ತಿತ್ತು. ಮಾತು ಕಟ್ಟುವ ಸ್ವಾತಂತ್ರ್ಯ ಕೇಂದ್ರ ಪಾತ್ರಧಾರಿಗೆ ಮಾತ್ರ. ಉಳಿದವರು ಅವರ ಓಘವನ್ನು ಅನುಸರಿಸಿ, ಸರಿಯಾದ ಕ್ಷಣದಲ್ಲಿ ಮಾತು ಕೊಟ್ಟು ತೆಗೆದುಕೊಳ್ಳಬೇಕಿತ್ತು. ಇದು ಸುಲಭದ ವಿದ್ಯೆಯಲ್ಲ, ಆದರೆ ಇದಕ್ಕೆ ಹೆಸರು ಬರುವುದಿಲ್ಲ. ವರ್ಷಗಟ್ಟಲೆ ಗುಮಾಸ್ತ, ಜವಾನನ ಪಾತ್ರ ಮಾಡಿದ ನಟನು ಕಂಪನಿ ಬಿಟ್ಟು ಹೊರಗೆ ಬಂದರೆ ತನ್ನದೆಂದು ತೋರಿಸಲು ಅವನ ಬಳಿ ಪಾತ್ರವೇ ಇರುತ್ತಿರಲಿಲ್ಲ. ಹಾಸ್ಯ ನಾಟಕದ ಯಶಸ್ಸು ಒಬ್ಬರ ಹೆಸರಿನಲ್ಲಿ ಜಮೆಯಾಗುತ್ತಿತ್ತು.

ಚಲನಚಿತ್ರದತ್ತ

1950ರ ದಶಕದಿಂದ ಕನ್ನಡ ಚಿತ್ರರಂಗವು ಹಾಸ್ಯನಟರನ್ನು ನೇರವಾಗಿ ನಾಟಕ ಕಂಪನಿಗಳಿಂದ ಪಡೆಯಿತು. ತಿಪಟೂರಿನಲ್ಲಿ ಜನಿಸಿದ ನರಸಿಂಹರಾಜು ಎಳವೆಯಲ್ಲಿಯೇ ಸಿ. ಬಿ. ಮಲ್ಲಪ್ಪನವರ ಚಂದ್ರಮೌಳೇಶ್ವರ ನಾಟಕ ಕಂಪನಿಯನ್ನು ಸೇರಿ, ಹಲವು ಕಂಪನಿಗಳನ್ನು ದಾಟಿ ಗುಬ್ಬಿ ಕಂಪನಿಗೆ ಬಂದವರು. ‘ಬೇಡರ ಕಣ್ಣಪ್ಪ’ ನಾಟಕದಲ್ಲಿ ಅರ್ಚಕನ ಮಗ ಕಾಶಿಯ ಪಾತ್ರ ಮಾಡುತ್ತಿದ್ದ ಅವರು 1954ರ ಚಲನಚಿತ್ರದಲ್ಲಿಯೂ ಅದೇ ಪಾತ್ರವನ್ನು ವಹಿಸಿದರು. ಕಂಪನಿಯಲ್ಲಿ ಪಳಗಿದ ಪಾತ್ರವು ನಟನಿಗೆ ಬಂಡವಾಳವಾಗಿ ಒದಗಿದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಅರಸೀಕೆರೆಯ ಟಿ. ಎನ್. ಬಾಲಕೃಷ್ಣ ಅವರ ಹಾದಿ ಇನ್ನೂ ಕಠಿಣವಾದುದು. ಶ್ರವಣದೋಷವಿದ್ದ ಅವರು ಬೋರ್ಡು ಬರೆಯುವ ಕೆಲಸ ಮಾಡುತ್ತ ರಂಗಭೂಮಿಗೆ ಬಂದರು. 1943ರ ‘ರಾಧಾರಮಣ’ ಚಿತ್ರದಿಂದ ತೆರೆಗೆ ಪರಿಚಿತರಾದರು. ಎದುರಿನವರ ತುಟಿಯ ಚಲನೆಯನ್ನು ಗಮನಿಸಿ ಮಾತಾಡುವ ಅಭ್ಯಾಸವಿದ್ದ ಈ ನಟರು ಸಂಭಾಷಣೆಯ ಸಮಯಕ್ಕೇ ಹೆಸರಾದದ್ದು ಸೋಜಿಗ. ಬೆಂಗಳೂರಿನ ಅಭಿಮಾನ್ ಸ್ಟುಡಿಯೋ ಸ್ಥಾಪಿಸಿದವರೂ ಅವರೇ.

ಚಿತ್ರರಂಗಕ್ಕೆ ಹೋದವರು ರಂಗಭೂಮಿಯನ್ನು ಒಮ್ಮೆಗೇ ತೊರೆದರೆಂದು ತಿಳಿಯುವುದು ಸರಿಯಲ್ಲ. ಆಗ ತಯಾರಾಗುತ್ತಿದ್ದ ಕನ್ನಡ ಚಿತ್ರಗಳೇ ಕೆಲವು. ಕೆಲಸವಿಲ್ಲದ ದಿನಗಳಲ್ಲಿ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು ಮತ್ತು ಜಿ. ವಿ. ಅಯ್ಯರ್ ಸೇರಿ ಕನ್ನಡ ಕಲಾವಿದರ ಸಂಘವನ್ನು ಕಟ್ಟಿಕೊಂಡು ಊರೂರುಗಳಲ್ಲಿ ನಾಟಕವಾಡಿದರು. 1960ರ ‘ರಣಧೀರ ಕಂಠೀರವ’ ಚಿತ್ರವನ್ನು ತಯಾರಿಸಿದ್ದು ಇದೇ ಗುಂಪು.

ಉತ್ತರ ಕರ್ನಾಟಕದ ಕಂಪನಿಗಳು

ಹಳೆಯ ಮೈಸೂರು ಭಾಗದಲ್ಲಿ ಕಂಪನಿಗಳು ಕ್ಷೀಣಿಸಿದ ಬಳಿಕವೂ ಉತ್ತರ ಕರ್ನಾಟಕದಲ್ಲಿ ಅವು ಉಳಿದುಕೊಂಡಿವೆ. ಅಲ್ಲಿ ಕಂಪನಿಯ ಸಂಚಾರ ಜಾತ್ರೆಗಳ ಪಂಚಾಂಗವನ್ನು ಅನುಸರಿಸುತ್ತದೆ. ಬಾದಾಮಿ ಬಳಿಯ ಬನಶಂಕರಿ ಜಾತ್ರೆಯಲ್ಲಿ ಒಂದೇ ಕಾಲಕ್ಕೆ ಹಲವು ಕಂಪನಿಗಳು ಥಿಯೇಟರ್ ಹಾಕುತ್ತವೆ. ಪಕ್ಕದ ಡೇರೆಗೆ ಹೋಗಲಿದ್ದ ಪ್ರೇಕ್ಷಕನನ್ನು ಇತ್ತ ಸೆಳೆಯುವುದು ಬಹುಮಟ್ಟಿಗೆ ಹಾಸ್ಯನಟನ ಹೆಸರು. ಮಳೆಗಾಲ ಮಾತ್ರ ಎಲ್ಲರಿಗೂ ಕಷ್ಟದ ಕಾಲ.

ತಾಳಿಕೋಟೆಯ ಖಾಸ್ಗತೇಶ್ವರ ನಾಟ್ಯ ಸಂಘದ ರಾಜು ತಾಳಿಕೋಟೆ (ನಿಧನ 2025) ಈ ಪರಂಪರೆಯವರು. ನಾಟಕದ ಮನೆತನದಲ್ಲಿ ಹುಟ್ಟಿಯೂ ಹೋಟೆಲು, ಲಾರಿ ಎಂದು ದುಡಿದು, ಅನಂತರ ‘ಕಲಿಯುಗದ ಕುಡುಕ’ ನಾಟಕದಿಂದ ಹೆಸರಾದರು. ಧ್ವನಿಸುರುಳಿಗಳ ಮೂಲಕ ಆ ನಾಟಕ ಕಂಪನಿ ಕಾಲಿಡದ ಊರುಗಳನ್ನೂ ಮುಟ್ಟಿತು. ‘ಮನಸಾರೆ’, ‘ಪಂಚರಂಗಿ’ ಚಿತ್ರಗಳು, ದೂರದರ್ಶನ, ಕೊನೆಗೆ ಧಾರವಾಡ ರಂಗಾಯಣದ ನಿರ್ದೇಶಕ ಸ್ಥಾನ ಇವೆಲ್ಲ ಅದರ ಬೆನ್ನಿಗೆ ಬಂದವು.

ದಾವಣಗೆರೆಯ ಕೆ. ಬಿ. ಆರ್. ಡ್ರಾಮಾ ಕಂಪನಿಯ ಚಿಂದೋಡಿ ಲೀಲಾ ‘ಹಳ್ಳಿ ಹುಡುಗಿ’ಯಂತಹ ನಾಟಕಗಳ ಮೂಲಕ ಮನೆಮಾತಾಗಿ ಕಂಪನಿಯನ್ನೂ ಮುನ್ನಡೆಸಿದರು, 1988ರಲ್ಲಿ ಪದ್ಮಶ್ರೀ ಪಡೆದರು. ನಟಿಯೊಬ್ಬರು ಈ ಎತ್ತರ ತಲುಪುವುದು ಅಪರೂಪವಾಗಿತ್ತು.

ರಾಜಕೀಯಕ್ಕೆ ಹೋದ ಪಾತ್ರ

ಹವ್ಯಾಸಿ ರಂಗಭೂಮಿಯಿಂದ ಬಂದರೂ ಇಲ್ಲಿ ಹೇಳಲೇಬೇಕಾದ ಹೆಸರು ಮುಖ್ಯಮಂತ್ರಿ ಚಂದ್ರು. ಬೆಂಗಳೂರಿನ ಕಲಾಗಂಗೋತ್ರಿ ತಂಡವು 1980ರಿಂದ ಆಡುತ್ತ ಬಂದ ‘ಮುಖ್ಯಮಂತ್ರಿ’ ರಾಜಕೀಯ ವಿಡಂಬನೆಯ ನಾಟಕ. ಅದರ ಮುಖ್ಯ ಪಾತ್ರವೇ ಚಂದ್ರಶೇಖರ್ ಅವರ ಹೆಸರಿಗೆ ಶಾಶ್ವತವಾಗಿ ಅಂಟಿಕೊಂಡಿತು. 1985ರಲ್ಲಿ ಅವರು ಅಂದಿನ ಕೋಲಾರ ಜಿಲ್ಲೆಯ ಗೌರಿಬಿದನೂರಿನಿಂದ ವಿಧಾನಸಭೆಗೆ ಆಯ್ಕೆಯಾದರು. ರಂಗದ ಮೇಲಿನ ಪದವಿ ಮತಪತ್ರಕ್ಕೆ ಹೆಸರಾಗಿ ಬಂದ ಈ ಪ್ರಸಂಗ ಸ್ವತಃ ಒಂದು ಹಾಸ್ಯ ನಾಟಕದ ವಸ್ತುವಾಗಬಹುದು.

ಸಂಬಳದ ತಿರುಗಾಟ

ಹುಡುಗನಾಗಿದ್ದಾಗ ಗುಬ್ಬಿ ಕಂಪನಿಗೆ ಓಡಿಹೋಗಿದ್ದ ಬಿ. ವಿ. ಕಾರಂತರು 1989ರಲ್ಲಿ ಮೈಸೂರಿನ ರಂಗಾಯಣದ ಸ್ಥಾಪಕ ನಿರ್ದೇಶಕರಾದರು. ಹೆಗ್ಗೋಡಿನ ನೀನಾಸಂ 1985ರಲ್ಲಿ ತಿರುಗಾಟವನ್ನು ಆರಂಭಿಸಿತು. ಇವುಗಳಲ್ಲಿ ನಟರಿಗೆ ತರಬೇತಿಯೂ ನಿಗದಿತ ವೇತನವೂ ಉಂಟು. ಆದರೆ ಇಲ್ಲಿನ ನಟನನ್ನು ಜೀವನಪರ್ಯಂತ ‘ಹಾಸ್ಯದವನು’ ಎಂದು ಗುರುತಿಸುವುದಿಲ್ಲ. ಇಂದು ವಿದೂಷಕನಾದವನು ನಾಳೆ ದುರಂತ ನಾಯಕ.

ಮುಪ್ಪಿನ ದಿನಗಳು

ಕಂಪನಿ ನಟರಿಗೆ ಭವಿಷ್ಯನಿಧಿಯಾಗಲಿ ನಿವೃತ್ತಿ ವೇತನವಾಗಲಿ ಇರಲಿಲ್ಲ. ಹಿರಿಯ ನಟನ ಸಹಾಯಾರ್ಥ ಒಂದು ರಾತ್ರಿಯ ಗಳಿಕೆಯನ್ನು ಅವನಿಗೇ ಬಿಟ್ಟುಕೊಡುವ ‘ಬೆನಿಫಿಟ್ ನಾಟಕ’ವೇ ಅವರ ಉಳಿತಾಯ, ಅಂದು ಮಳೆ ಬಂದರೆ ಅದೂ ಇಲ್ಲ. ಈಗ ರಾಜ್ಯ ಸರ್ಕಾರವು ಸಂಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಮಾಸಾಶನ ನೀಡುತ್ತದೆ. ವೃತ್ತಿ ರಂಗಭೂಮಿಯ ಸಾಧಕರಿಗೆ ಗುಬ್ಬಿ ವೀರಣ್ಣ ಪ್ರಶಸ್ತಿಯಿದೆ. ಮಾಸಾಶನಕ್ಕೆ ಕಲಾಸೇವೆಯ ದಾಖಲೆಗಳನ್ನು ಒದಗಿಸಬೇಕಾಗುತ್ತದೆ. ಕರಪತ್ರದಲ್ಲಿ ಹೆಸರು ಅಚ್ಚಾಗದ ಸಣ್ಣ ಪಾತ್ರಧಾರಿಗೆ ಇದೇ ತೊಡಕು.

ಕಂಪನಿ ಬಿಟ್ಟ ಹಲವರಿಗೆ ಹಳ್ಳಿಯ ನಾಟಕಗಳು ಆಸರೆಯಾದವು. ಮಾಲೂರು, ಟೇಕಲ್ ಕಡೆಯ ಹಳ್ಳಿಗಳೂ ಸೇರಿದಂತೆ ಹಳೆಯ ಮೈಸೂರು ಪ್ರದೇಶದಲ್ಲಿ ಗ್ರಾಮಸ್ಥರು ತಾವೇ ಬಣ್ಣ ಹಚ್ಚಿ ಪೌರಾಣಿಕ ನಾಟಕ ಆಡುವ ವಾಡಿಕೆಯಿದೆ. ಇದಕ್ಕೆ ಡ್ರಾಮಾ ಮೇಷ್ಟರು ಬೇಕು, ಬಾಡಿಗೆಯ ಸೀನರಿ ಬೇಕು, ಸ್ತ್ರೀಪಾತ್ರಗಳಿಗೆ ವೃತ್ತಿ ನಟಿಯರು ಬೇಕು. ಹಿಂದೆ ಕಂಪನಿಯಲ್ಲಿ ನಗಿಸುತ್ತಿದ್ದವನು ಈಗ ತಿಂಗಳುಗಟ್ಟಲೆ ರಾತ್ರಿ ಹೊತ್ತು ಹಾರ್ಮೋನಿಯಂ ಮುಂದೆ ಕುಳಿತು ರೈತರಿಗೆ ಕೃಷ್ಣ, ದುರ್ಯೋಧನರ ಪದ್ಯಗಳನ್ನು ಕಲಿಸುತ್ತಾನೆ. ನಾಟಕದ ದಿನ ಅವನಿಗೆ ಶಾಲು, ಹಾರ ಮತ್ತು ಒಪ್ಪಿಕೊಂಡ ಸಂಭಾವನೆ ಸಲ್ಲುತ್ತದೆ. ಮರುದಿನ ಮುಂದಿನ ಊರಿನವರು ಬಂದು ಕರೆದೊಯ್ಯುತ್ತಾರೆ.