ಬಡಗಿಯ ಕೈ, ಚಾಲಕನ ಕಾಲು, ಕಾವಲುಗಾರನ ದಾರಿ

ಹೆಬ್ಬೆರಳು ಹೋದರೆ ಶೇ 30. ತೋರುಬೆರಳು ಪೂರ್ತಿ ಹೋದರೆ ಶೇ 14, ನಡುಬೆರಳಿಗೆ ಶೇ 12. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ದುಡಿಯುವವನ ದೇಹಕ್ಕೆ ಹೀಗೆ ಅಂಗ ಅಂಗವಾಗಿ ಲೆಕ್ಕ ಹಾಕಿಟ್ಟಿದ್ದಾರೆ. ಓದುವಾಗ ಮನಸ್ಸು ಮುದುಡುತ್ತದೆ. ಆದರೂ ಆ ಪಟ್ಟಿ ಹುಟ್ಟಿದ್ದು ಕೆಲಸಗಾರನ ಪರವಾಗಿಯೇ. ಅದಕ್ಕೂ ಮೊದಲು ಗಾಯಗೊಂಡವನೇ ಮಾಲೀಕನ ತಪ್ಪನ್ನು ಸಾಬೀತು ಮಾಡಬೇಕಿತ್ತು. ಜೊತೆ ಕೆಲಸಗಾರನ ಅಜಾಗರೂಕತೆಯಿಂದ ಪೆಟ್ಟಾದರೆ ಮಾಲೀಕ ಹೊಣೆಯಲ್ಲ ಎಂಬ ವಾದಕ್ಕೆ ಇಂಗ್ಲೆಂಡಿನ ನ್ಯಾಯಾಲಯ 1837ರಲ್ಲೇ ತಳಪಾಯ ಹಾಕಿತ್ತು. 1924ರ ಜುಲೈ 1ರಂದು ಜಾರಿಗೆ ಬಂದ ನಮ್ಮ ಕಾಯ್ದೆ, ತಪ್ಪು ಯಾರದು ಎಂಬ ಪ್ರಶ್ನೆಯನ್ನು ಬಹುಮಟ್ಟಿಗೆ ಬದಿಗಿಟ್ಟಿತು. ಕೆಲಸದ ಕಾರಣದಿಂದ, ಕೆಲಸದ ಅವಧಿಯಲ್ಲಿ ಅಪಘಾತವಾಗಿದ್ದರೆ ಪರಿಹಾರ ಕೊಡಲೇಬೇಕು ಎಂದಿತು. ಈ ಎರಡು ಷರತ್ತುಗಳ ವ್ಯಾಪ್ತಿ ಎಷ್ಟು, ಆ ಶೇಕಡಾವಾರು ಪಟ್ಟಿಯನ್ನು ಓದುವುದು ಹೇಗೆ ಎಂಬುದನ್ನು ನ್ಯಾಯಾಲಯಗಳು ನೂರು ವರ್ಷಗಳಿಂದ ತೀರ್ಮಾನಿಸುತ್ತಲೇ ಬಂದಿವೆ.

ಪಟ್ಟಿಯ ಮಾತನ್ನೇ ಮೊದಲು ನೋಡೋಣ. ಒಡಿಶಾದ ಚಿತ್ರಮಂದಿರವೊಂದರಲ್ಲಿ ಅಲಂಕಾರದ ಕೆಲಸ ಮಾಡುತ್ತಿದ್ದ ಬಡಗಿಯೊಬ್ಬರು 1968ರಲ್ಲಿ ಕೆಳಗೆ ಬಿದ್ದರು. ಎಡಗೈಯನ್ನು ಮೊಣಕೈಯ ಮೇಲಿನವರೆಗೆ ಕತ್ತರಿಸಬೇಕಾಯಿತು. ಅನುಸೂಚಿಯ ಪ್ರಕಾರ ಇದು ಶೇ 70ರ ನಷ್ಟ, ಅಷ್ಟಕ್ಕೇ ಪರಿಹಾರ ಸಾಕು ಎಂದರು ಮಾಲೀಕರು. ನಾಲ್ವರು ನ್ಯಾಯಮೂರ್ತಿಗಳ ಸುಪ್ರೀಂ ಕೋರ್ಟ್ ಪೀಠ 1975ರ ಡಿಸೆಂಬರ್‌ನಲ್ಲಿ ಅದನ್ನು ಒಪ್ಪಲಿಲ್ಲ. ಮರಗೆಲಸ ಒಂದೇ ಕೈಯಲ್ಲಿ ಆಗುವಂಥದ್ದಲ್ಲ, ಆದ್ದರಿಂದ ಈ ಬಡಗಿಯ ನಷ್ಟ ಪೂರ್ತಿ ನೂರು ಎಂದಿತು. ಈ ಕ್ಷೇತ್ರದ ತೀರ್ಪುಗಳಲ್ಲೆಲ್ಲ ನನಗೆ ದೊಡ್ಡದಾಗಿ ಕಾಣುವುದು ಇದೇ. ಯಾವ ಅಂಗ ಹೋಯಿತು ಎಂದು ನೋಡಿ ಅಲ್ಲಿಗೇ ನಿಲ್ಲದೆ, ಆ ಅಂಗದಿಂದ ಆತ ಏನು ಮಾಡಿ ಬದುಕುತ್ತಿದ್ದ ಎಂದು ನ್ಯಾಯಮೂರ್ತಿಗಳು ಕೇಳಿದರು.

ಆ ಪ್ರಶ್ನೆಯ ಫಲ ನಮ್ಮ ಶಿವಮೊಗ್ಗದ ರಸ್ತೆಗೂ ಬಂತು. 1997ರ ನವೆಂಬರ್‌ನಲ್ಲಿ ಆಯನೂರಿನಿಂದ ಶಿವಮೊಗ್ಗದ ಕಡೆಗೆ ಟ್ಯಾಂಕರ್ ಓಡಿಸುತ್ತಿದ್ದ ಚಾಲಕನಿಗೆ ಎದುರಿನಿಂದ ಬಂದ ಟ್ರ್ಯಾಕ್ಟರ್‌ನೊಂದಿಗೆ ಅಪಘಾತವಾಗಿ, ಬಲಗಾಲನ್ನು ಮಂಡಿಯವರೆಗೆ ತೆಗೆಯಬೇಕಾಯಿತು. ಪರಿಹಾರ ಆಯುಕ್ತರು ಪೂರ್ಣ ನಷ್ಟವೆಂದು ಎಣಿಸಿ 2,49,576 ರೂಪಾಯಿ ಕೊಡಿಸಿದರು. ಲೆಕ್ಕ ಸರಳ: ತಿಂಗಳ ಸಂಬಳ 2,000 ರೂಪಾಯಿಯ ಶೇ 60 ಎಂದರೆ 1,200, ಅದನ್ನು ವಯಸ್ಸಿಗೆ ತಕ್ಕ ಗುಣಕ 207.98ರಿಂದ ಗುಣಿಸಿದರೆ ಈ ಮೊತ್ತ. ಹೈಕೋರ್ಟ್ ವೈದ್ಯರ ಮಾತು ಹಿಡಿದು ನಷ್ಟವನ್ನು ಶೇ 65ಕ್ಕೆ ಇಳಿಸಿತು. ಅದೇ ಲೆಕ್ಕದಲ್ಲಿ ಸುಮಾರು 87 ಸಾವಿರ ರೂಪಾಯಿ ಕೈಬಿಟ್ಟುಹೋಗುತ್ತಿತ್ತು. 2008ರಲ್ಲಿ ಸುಪ್ರೀಂ ಕೋರ್ಟ್ ಬಡಗಿಯ ತೀರ್ಪನ್ನೇ ಆಧಾರವಾಗಿಟ್ಟುಕೊಂಡು, ಕಾಲಿಲ್ಲದವನು ಲಾರಿ ಓಡಿಸಲಾರ ಎಂದು ಆಯುಕ್ತರ ಆದೇಶವನ್ನು ಮತ್ತೆ ಎತ್ತಿ ಹಿಡಿಯಿತು.

ಕೆಲಸದ ಅವಧಿ ಎಲ್ಲಿಂದ ಎಲ್ಲಿಯವರೆಗೆ ಎಂಬ ಪ್ರಶ್ನೆಯ ದಾರಿ ಇಷ್ಟು ನೇರವಾಗಿರಲಿಲ್ಲ. ಪೋರಬಂದರಿನ ಉಪ್ಪಿನ ಕಾರ್ಖಾನೆಯಿಂದ ಮನೆಗೆ ಹೊರಟ ಕೆಲಸಗಾರರ ದೋಣಿ 1952ರಲ್ಲಿ ಮಗುಚಿ ಹಲವರು ಮುಳುಗಿ ಸತ್ತರು. ಕಾರ್ಖಾನೆಯ ಗೇಟಿನಾಚೆಗೂ ಕೆಲಸ ಸ್ವಲ್ಪ ದೂರ ಚಾಚಿಕೊಂಡಿರುತ್ತದೆ ಎಂಬ ತತ್ವವನ್ನು ಸುಪ್ರೀಂ ಕೋರ್ಟ್ 1958ರಲ್ಲಿ ಒಪ್ಪಿತು; ಆದರೆ ಸಾರ್ವಜನಿಕ ದೋಣಿಯವರೆಗೆ ಅದು ಚಾಚುವುದಿಲ್ಲ ಎಂದಿತು. ಐದು ವರ್ಷಗಳ ನಂತರ ಮುಂಬೈನ ನಗರ ಸಾರಿಗೆ ಸಂಸ್ಥೆ ‘ಬೆಸ್ಟ್’ನ ಬಸ್ ಚಾಲಕನ ವಿಷಯದಲ್ಲಿ ಬಾಗಿಲು ತೆರೆಯಿತು. ಪಾಳಿ ಮುಗಿಸಿ ತಮ್ಮದೇ ಸಂಸ್ಥೆಯ ಇನ್ನೊಂದು ಬಸ್ಸಿನಲ್ಲಿ ಮನೆಗೆ ಹೋಗುತ್ತಿದ್ದಾಗ ಸತ್ತ ಆ ಚಾಲಕನಿಗೆ, ಅಷ್ಟು ದೊಡ್ಡ ಊರಿನಲ್ಲಿ ಸಾರಿಗೆ ಸರಿಯಾಗಿ ನಡೆಯಬೇಕಾದರೆ ಆ ಪ್ರಯಾಣವೂ ಸೇವೆಯ ಭಾಗವೇ ಎಂಬ ನ್ಯಾಯ ಸಿಕ್ಕಿತು. 1996ರಲ್ಲಿ ಬಾಗಿಲು ಮತ್ತೆ ಮುಚ್ಚಿತು. ಕಾರ್ಖಾನೆಗೆ ಇನ್ನೂ ಒಂದು ಕಿಲೋಮೀಟರ್ ಇರುವಾಗ, ಪಾಳಿಗೆ ಕಾಲು ಗಂಟೆ ಮೊದಲು, ಸೈಕಲ್ಲಿನಲ್ಲಿ ಬರುತ್ತಿದ್ದವನಿಗೆ ಲಾರಿ ಗುದ್ದಿತ್ತು. ನೌಕರರ ರಾಜ್ಯ ವಿಮಾ (ಇಎಸ್‌ಐ) ಕಾಯ್ದೆಯಡಿ ಅದು ಉದ್ಯೋಗದ ಗಾಯವಲ್ಲವೆಂದು ತೀರ್ಪಾಯಿತು. ಸಂಸತ್ತು 2010ರಲ್ಲಿ ಇಎಸ್‌ಐ ಕಾಯ್ದೆಗೆ 51ಇ ಕಲಮನ್ನು ಸೇರಿಸಿ, ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವನ್ನೂ ಒಳಗೆ ತಂದಿತು. ಇಎಸ್‌ಐ ವ್ಯಾಪ್ತಿಯಲ್ಲಿಲ್ಲದ ಕಾರ್ಮಿಕರು ಮಾತ್ರ ಹೊರಗೇ ಉಳಿದರು.

ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯೊಂದರ ಕಾವಲುಗಾರ ಅಂಥವರಲ್ಲೊಬ್ಬರು. 2003ರ ಏಪ್ರಿಲ್ 22ರಂದು ಬೆಳಗಿನ ಜಾವ ಮೂರು ಗಂಟೆಯ ಪಾಳಿಗೆ ಹೊರಟು, ಕಾರ್ಖಾನೆಗೆ ಇನ್ನೂ ಐದು ಕಿಲೋಮೀಟರ್ ಇರುವಾಗ ಅಪಘಾತದಲ್ಲಿ ಪ್ರಾಣ ಕಳೆದುಕೊಂಡರು. ಆಯುಕ್ತರು ಕುಟುಂಬಕ್ಕೆ 3,26,140 ರೂಪಾಯಿ ಕೊಡಿಸಿದ್ದನ್ನು 2011ರಲ್ಲಿ ಬಾಂಬೆ ಹೈಕೋರ್ಟ್ ರದ್ದು ಮಾಡಿತು. 2025ರ ಜುಲೈ 29ರಂದು ಸುಪ್ರೀಂ ಕೋರ್ಟ್ ಅದನ್ನು ಮರಳಿ ಕೊಟ್ಟಿತು. ಪರಿಹಾರ ಕಾಯ್ದೆ ಮತ್ತು ಇಎಸ್‌ಐ ಕಾಯ್ದೆ ಎರಡರ ಉದ್ದೇಶವೂ ಒಂದೇ; ಸಮಯ, ಸ್ಥಳ, ಸಂದರ್ಭ ಕೆಲಸಕ್ಕೆ ಹೊಂದಿಕೊಂಡಿದ್ದರೆ ದಾರಿಯೂ ಕೆಲಸದ್ದೇ ಎಂದಿತು. ತೀರ್ಪು ಸರಿಯಾದದ್ದು. ಆದರೆ ಆ ಮನೆಯವರು ಅದಕ್ಕಾಗಿ 22 ವರ್ಷ ಕಾಯಬೇಕಾಯಿತು ಎಂಬುದನ್ನು ನೆನೆದರೆ ಸಂಕಟವಾಗುತ್ತದೆ.

ಎಲ್ಲ ತೀರ್ಪುಗಳೂ ಕಾರ್ಮಿಕರ ಕಡೆಗೇ ಬಾಗಿಲ್ಲ. ಪ್ರಯಾಣಿಕರನ್ನು ಕರೆದೊಯ್ದಿದ್ದ ಚಾಲಕ ದೇವಸ್ಥಾನದ ಕೊಳಕ್ಕೆ ಜಾರಿ ಬಿದ್ದು ಸತ್ತಾಗ, ಅದಕ್ಕೂ ವಾಹನ ಓಡಿಸುವ ಕೆಲಸಕ್ಕೂ ಸಂಬಂಧವಿಲ್ಲವೆಂದು 2009ರಲ್ಲಿ ಪರಿಹಾರ ನಿರಾಕರಣೆಯಾಯಿತು. ಆದರೆ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಲಾರಿ ಓಡಿಸಿ ಹೃದಯಾಘಾತದಿಂದ ಸತ್ತ ಚಾಲಕನ ಕುಟುಂಬಕ್ಕೆ 2012ರಲ್ಲಿ ಪರಿಹಾರ ದೊರೆಯಿತು. ಬಡ್ಡಿಯ ವಿಷಯದಲ್ಲೂ ಗೊಂದಲವಿತ್ತು. ಪರಿಹಾರ ಅಪಘಾತದ ದಿನದಿಂದಲೇ ಬಾಕಿ ಎಂದು ಬಡಗಿಯ ಪ್ರಕರಣದಲ್ಲೇ ಹೇಳಿದ್ದರೂ, ನಡುವೆ ಬಂದ ಚಿಕ್ಕ ಪೀಠಗಳ ತೀರ್ಪುಗಳು ಅದನ್ನು ಮರೆತವು. 2012ರಲ್ಲಿ ಅದು ಸರಿಹೋಯಿತು. ವರ್ಷಕ್ಕೆ ಶೇ 12ರ ಬಡ್ಡಿ ಎಂದರೆ ವಿಮಾ ಕಂಪನಿ ಎಳೆದಾಡಿದಷ್ಟೂ ಅದಕ್ಕೇ ಭಾರ. ಕರ್ನಾಟಕದಿಂದ ಹೋದ ಇನ್ನೊಂದು ಪ್ರಕರಣದಲ್ಲಿ 2016ರಲ್ಲಿ, ಸಂಗತಿಗಳ ವಿಷಯದಲ್ಲಿ ಆಯುಕ್ತರದೇ ಕೊನೆಯ ಮಾತು, ಹೈಕೋರ್ಟ್ ಸಾಕ್ಷ್ಯವನ್ನು ಮತ್ತೆ ತೂಗಬಾರದು ಎಂದೂ ಸ್ಪಷ್ಟವಾಯಿತು.

ನ್ಯಾಯಮೂರ್ತಿಗಳ ಕೈ ಮೀರಿದ್ದೂ ಇದೆ. ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿ 2020ರ ಜನವರಿಯಲ್ಲಿ 15,000 ರೂಪಾಯಿಗೆ ಏರಿತು. ತಿಂಗಳಿಗೆ 25,000 ದುಡಿಯುವ ಕ್ರೇನ್ ಚಾಲಕ ಸತ್ತರೂ ಲೆಕ್ಕ ಆ 15,000ದ ಮೇಲೆಯೇ. ಇದನ್ನು ಬದಲಿಸಬೇಕಾದದ್ದು ಸರ್ಕಾರ.

2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು, ಹಳೆಯ ಕಾಯ್ದೆಯ ಜಾಗವನ್ನು ತುಂಬಿತು. ಮನೆ–ಕೆಲಸದ ದಾರಿಯ ಅಪಘಾತವನ್ನು ಅದು ಬರಹದಲ್ಲೇ ಸೇರಿಸಿಕೊಂಡಿದೆ. ಆದರೆ ಇಡೀ ಕೆಲಸವೇ ರಸ್ತೆಯ ಮೇಲಿರುವ, ಆ್ಯಪ್ ನೋಡಿಕೊಂಡು ಊಟ ತಲುಪಿಸುವ ಹುಡುಗನನ್ನು ಕಂಪನಿಗಳು ಉದ್ಯೋಗಿ ಎಂದು ಒಪ್ಪುವುದಿಲ್ಲ. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿಯೇ ಕಾಯ್ದೆ ಮಾಡಿ, ಕಲ್ಯಾಣ ಮಂಡಳಿ ಮತ್ತು ನಿಧಿಗೆ ದಾರಿ ಮಾಡಿಕೊಟ್ಟಿದೆ, ಅದು ಸ್ವಾಗತಾರ್ಹ. ಅವರು ಉದ್ಯೋಗಿಗಳೇ, ಅಲ್ಲವೇ ಎಂಬ ಪ್ರಶ್ನೆ ಬೇರೆಯೇ. ಆ್ಯಪ್ ಆಧಾರಿತ ಸಾರಿಗೆ ಕಾರ್ಮಿಕರ ಒಕ್ಕೂಟವೊಂದು ಆ ಪ್ರಶ್ನೆ ಹೊತ್ತು 2021ರಲ್ಲೇ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದೆ.